ಕವಚವೂ ಕೆಚ್ಚೂ

ಜನರ ಮತವನ್ನು ಬೇಡಿ ನಿಂತವನು ಜನರ ನಡುವೆ ಕಾವಲಿನೊಡನೆ ಬರಬಹುದೆ? ಬಂದರೆ ಅವನು ಅಂಜುಬುರುಕನೆ? ಈ ಪ್ರಶ್ನೆಯು ಮೇಲುನೋಟಕ್ಕೆ ಪೋಲೀಸರ ಏರ್ಪಾಡಿಗೆ ಸೇರಿದುದೆಂದು ತೋರಿದರೂ, ವಾಸ್ತವವಾಗಿ ಧೈರ್ಯವೆಂದರೇನೆಂಬ ಹಳೆಯ ಪ್ರಶ್ನೆಯೇ ಆಗಿದೆ. ಉತ್ತರನ ಪೌರುಷ ಒಲೆಯ ಮುಂದೆ ಎಂದು ನಗುವ ಕನ್ನಡಿಗರು, ಕವಚಕುಂಡಲಗಳೊಡನೆ ಹುಟ್ಟಿದ ಕರ್ಣನನ್ನು ಎಂದೂ ಹೇಡಿಯೆಂದು ಕರೆದವರಲ್ಲ. ರಣರಂಗದಲ್ಲಿ ಭೂಷಣವಾದ ಕವಚವು ಚುನಾವಣೆಯ ವೇದಿಕೆಯ ಮೇಲೆ ಕಳಂಕವಾಗುವುದೇಕೆ?

ಯೋಧನು ಕವಚವನ್ನು ತೊಡುವುದು ಶತ್ರುವಿನೆದುರು. ಅಭ್ಯರ್ಥಿಯ ಎದುರಿನಲ್ಲಿರುವವರಾದರೋ ಅವನು ತನ್ನವರೆಂದು ಹೇಳಿಕೊಂಡ ಜನ. ಅವರೆದುರು ತೊಟ್ಟ ಕವಚವು ಭಯಕ್ಕಿಂತ ಹೆಚ್ಚಾಗಿ ಅವಿಶ್ವಾಸವೆಂದು ತೋರುವುದು. 1861ರ ಫೆಬ್ರವರಿಯಲ್ಲಿ, ಅಧ್ಯಕ್ಷ ಪದವಿಗೆ ಚುನಾಯಿತನಾಗಿ ವಾಷಿಂಗ್‌ಟನ್ನಿಗೆ ಹೊರಟಿದ್ದ ಅಬ್ರಹಾಂ ಲಿಂಕನ್ನನು, ಬಾಲ್ಟಿಮೋರಿನಲ್ಲಿ ಕೊಲೆಯ ಸಂಚು ನಡೆದಿದೆಯೆಂಬ ಎಚ್ಚರಿಕೆಯ ಮೇಲೆ, ಆ ಊರನ್ನು ರಾತ್ರಿಯಲ್ಲಿ ಗುಟ್ಟಾಗಿ ದಾಟಿದನು. ಪತ್ರಿಕೆಗಳು ಅವನಿಗೆ ಸ್ಕಾಟಿಷ್ ಟೊಪ್ಪಿಗೆಯನ್ನೂ ನಿಲುವಂಗಿಯನ್ನೂ ತೊಡಿಸಿ ಪರಿಹಾಸ್ಯದ ಚಿತ್ರಗಳನ್ನು ಬರೆದವು. ಮುಂದೆ ನಾಲ್ಕು ವರ್ಷಗಳ ಅಂತರ್ಯುದ್ಧದ ಭಾರವನ್ನು ಹೊತ್ತವನೂ ಅವನೇ. ಒಂದು ರಾತ್ರಿಯ ಪ್ರಯಾಣದಿಂದ ಒಬ್ಬನ ಕೆಚ್ಚನ್ನು ಅಳೆದವರು ಎಷ್ಟು ತಪ್ಪಿದರೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇದಕ್ಕೆ ಪ್ರತಿಯಾಗಿ ಥಿಯೋಡೋರ್ ರೂಸ್‌ವೆಲ್ಟನ ಉದಾಹರಣೆಯನ್ನು ಹೇಳುವುದುಂಟು. 1912ರ ಅಕ್ಟೋಬರ್ 14ರಂದು ಮಿಲ್ವಾಕಿಯಲ್ಲಿ ಸಭೆಗೆ ಹೊರಟ ಅವನ ಎದೆಗೆ ಗುಂಡು ತಗುಲಿತು. ಜೇಬಿನಲ್ಲಿ ಮಡಿಸಿಟ್ಟಿದ್ದ 50 ಹಾಳೆಗಳ ಭಾಷಣವೂ ಕನ್ನಡಕದ ಉಕ್ಕಿನ ಡಬ್ಬಿಯೂ ಅದರ ವೇಗವನ್ನು ತಗ್ಗಿಸಿದವು. (ದೀರ್ಘ ಭಾಷಣದಿಂದ ಪ್ರಾಣ ಹೋಗುವುದೆಂಬ ದೂರು ಸಾಮಾನ್ಯ, ಉಳಿದುದು ಅಪೂರ್ವ.) ಕೆಮ್ಮಿ ನೋಡಿ, ರಕ್ತ ಬಾರದಿರಲು ಶ್ವಾಸಕೋಶಕ್ಕೆ ಪೆಟ್ಟಾಗಿಲ್ಲವೆಂದು ನಿಶ್ಚಯಿಸಿಕೊಂಡು, ಒಂದು ಗಂಟೆಗೂ ಮಿಕ್ಕಿ ಮಾತನಾಡಿದ ಮೇಲೆಯೇ ಅವನು ಆಸ್ಪತ್ರೆಗೆ ಹೋದನು. ಲೋಕವು ಕೊಂಡಾಡುವುದು ಈ ಭಾಷಣವನ್ನು. ಆದರೆ ಅದಕ್ಕೆ ಮುಂಚೆ, ಗುಂಡು ತಗುಲಿದ ಕ್ಷಣದಲ್ಲಿಯೇ, ಕೊಲೆಗಡುಕನ ಮೇಲೆ ಬಿದ್ದ ಜನರನ್ನು ಅವನಿಗೆ ಹಿಂಸೆ ಮಾಡಬೇಡಿರೆಂದು ಆತನು ತಡೆದನು. ಭಾಷಣದಲ್ಲಿ ಪ್ರದರ್ಶನದ ಲೇಶವಾದರೂ ಇದ್ದಿರಬಹುದು. ಆ ತಡೆಯುವ ಮಾತಿನಲ್ಲಿ ಅದಕ್ಕೆ ವೇಳೆಯೇ ಇರಲಿಲ್ಲ. ಆ ಸಲದ ಚುನಾವಣೆಯಲ್ಲಿ ಅವನು ಸೋತನೆಂಬುದೂ ಸ್ಮರಣೀಯ.

ಧೈರ್ಯದ ಬೆಲೆಯನ್ನು ತೆರುವವರು ಯಾರೆಂಬುದು ಇದಕ್ಕಿಂತ ಕಠಿನವಾದ ವಿಚಾರ. 1991ರ ಮೇ 21ರ ರಾತ್ರಿ ಶ್ರೀಪೆರುಂಬುದೂರಿನಲ್ಲಿ, ಜನರೊಡನೆ ಬೆರೆಯಲು ಹೋದ ರಾಜೀವ ಗಾಂಧಿಯವರೊಬ್ಬರೇ ಮಡಿಯಲಿಲ್ಲ. ಸುತ್ತಲಿದ್ದ ಇನ್ನೂ 14 ಮಂದಿ ಪ್ರಾಣ ಬಿಟ್ಟರು. 2007ರ ಅಕ್ಟೋಬರ್ 18ರಂದು ಕರಾಚಿಯಲ್ಲಿ ಬೇನಜೀರ್ ಭುಟ್ಟೋ ಅವರ ಮೆರವಣಿಗೆಯಲ್ಲಿ ಸಿಡಿದ ಬಾಂಬುಗಳಿಗೆ 130ಕ್ಕೂ ಹೆಚ್ಚು ಜನ ಬಲಿಯಾದರು, ಅವರು ಉಳಿದರು. ಡಿಸೆಂಬರ್ 27ರಂದು ರಾವಲ್ಪಿಂಡಿಯಲ್ಲಿ, ಗುಂಡು ತಾಗದ ವಾಹನದ ಮೇಲ್ಗಿಂಡಿಯಿಂದ ಎದ್ದುನಿಂತು ಜನರಿಗೆ ಕೈಬೀಸುತ್ತಿರುವಾಗ ಅವರು ಹತರಾದರು. ಒಳಗೆ ಕುಳಿತವರು ಬದುಕಿದರು. ಎದ್ದು ನಿಲ್ಲುವಂತೆ ಮಾಡಿದುದು ಅವರ ಕೆಚ್ಚೊಂದೇ ಅಲ್ಲ; ಕಾಣದ ನಾಯಕನನ್ನು ಹೇಡಿಯೆನ್ನಲು ಸಿದ್ಧವಾಗಿರುವ ಜನಸಮೂಹದ ಬಯಕೆಯೂ ಅದರಲ್ಲಿ ಪಾಲುಗೊಂಡಿತ್ತೆನ್ನದೆ ವಿಧಿಯಿಲ್ಲ.

ಕಾವಲನ್ನು ಒಲ್ಲೆನೆಂದವರೆಲ್ಲರೂ ಹೊಗಳಿಕೆಗಾಗಿ ಹಾಗೆಂದರೆಂದಲ್ಲ. 1948ರ ಜನವರಿ 20ರಂದು ಬಿರ್ಲಾ ಭವನದಲ್ಲಿ ಬಾಂಬು ಸಿಡಿದ ಮೇಲೆಯೂ, ಪ್ರಾರ್ಥನೆಗೆ ಬರುವವರ ಮೈ ಶೋಧಿಸಲು ಗಾಂಧೀಜಿಯವರು ಒಪ್ಪಲಿಲ್ಲ. ಅವರು ಯಾವ ಮತವನ್ನೂ ಬೇಡುತ್ತಿರಲಿಲ್ಲ. ಹತ್ತು ದಿನಗಳಲ್ಲಿ ಅದರ ಬೆಲೆಯನ್ನು ತಾವೇ ತೆತ್ತರು.

2024ರ ಜುಲೈ 13ರಂದು ಪೆನ್ಸಿಲ್ವೇನಿಯಾದ ಬಟ್ಲರಿನಲ್ಲಿ, ಗುಂಡು ಕಿವಿಗೆ ತಗುಲಿ ರಕ್ತ ಸುರಿಯುತ್ತಿರುವಾಗ ಡೊನಾಲ್ಡ್ ಟ್ರಂಪ್ ಅವರು ಮುಷ್ಟಿಯನ್ನೆತ್ತಿದ ಚಿತ್ರವು ಲೋಕವನ್ನೆಲ್ಲ ಸುತ್ತಿತು. ಮುಂದಿನ ತಿಂಗಳಿನಿಂದ ಅವರು ಬಯಲು ಸಭೆಗಳಲ್ಲಿ ಗುಂಡು ತೂರದ ಗಾಜಿನ ಹಿಂದೆ ನಿಂತು ಮಾತನಾಡಿದರು. ಅವರನ್ನು ಮೆಚ್ಚಿದವರಿಗೆ ಅದರಲ್ಲಿ ಹೇಡಿತನವೇನೂ ಕಾಣಲಿಲ್ಲ. ಒಮ್ಮೆ ರಕ್ತ ತೋರಿಸಿದವನಿಗೆ ಕವಚದ ನಾಚಿಕೆ ಇಲ್ಲವೆಂದು ತೋರುತ್ತದೆ. ಬಟ್ಲರಿನ ಆ ಸಭೆಯಲ್ಲಿಯೇ, ಭಾಷಣ ಕೇಳಲು ಬಂದಿದ್ದ ಗೃಹಸ್ಥನೊಬ್ಬನು ಹೆಂಡತಿಯನ್ನೂ ಹೆಣ್ಣುಮಕ್ಕಳನ್ನೂ ತನ್ನ ಮೈಯಿಂದ ಮರೆಮಾಡಿ ಗುಂಡಿಗೆ ಬಲಿಯಾದನು. ಲೋಕವನ್ನು ಸುತ್ತಿದ ಆ ಚಿತ್ರದಲ್ಲಿ ಅವನಿಲ್ಲ.