ಒಣಗಿದ ಗರಿಯ ಬೂದಿ

ಅಜ್ಜಿಯ ಮನೆಯಲ್ಲಿ ಯೇಸುವಿನ ಪವಿತ್ರ ಹೃದಯದ ಪಟದ ಹಿಂದೆ ಸದಾ ಒಂದು ತೆಂಗಿನ ಗರಿ ಸಿಕ್ಕಿಸಿರುತ್ತಿತ್ತು. ಗರಿಗಳ ಭಾನುವಾರ ಚರ್ಚಿನಿಂದ ತಂದದ್ದು. ತಂದ ದಿನ ಎಳೆ ಹಳದಿ, ಕೈಗೆ ತಂಪು. ಮಳೆಗಾಲ ಕಳೆಯುವಷ್ಟರಲ್ಲಿ ಕಂದು ಬಣ್ಣ. ಕ್ರಿಸ್‌ಮಸ್ ಹೊತ್ತಿಗೆ ಮುಟ್ಟಿದರೆ ಉದುರುತ್ತಿತ್ತು. ಆದರೂ ಅದನ್ನು ಕಸಕ್ಕೆ ಹಾಕಲು ಅಜ್ಜಿ ಬಿಡುತ್ತಿರಲಿಲ್ಲ. ತಪಸ್ಸುಕಾಲಕ್ಕೆ ಮುಂಚಿನ ಭಾನುವಾರ ಹಳೇ ಪೇಪರಿನಲ್ಲಿ ಸುತ್ತಿ ಚರ್ಚಿಗೆ ಮರಳಿಸುತ್ತಿದ್ದಳು. ಕೇರಿಯ ಎಲ್ಲ ಮನೆಗಳ ಗರಿಗಳೂ ಅಲ್ಲಿ ಒಟ್ಟಿಗೆ ಸುಟ್ಟು, ಜರಡಿ ಹಿಡಿಸಿಕೊಂಡು, ನುಣ್ಣನೆಯ ಬೂದಿಯಾಗುತ್ತಿದ್ದವು. ಬೂದಿ ಬುಧವಾರ ಫಾದರ್ ನಮ್ಮ ಹಣೆಯ ಮೇಲೆ ಶಿಲುಬೆ ಎಳೆಯುತ್ತಿದ್ದದ್ದು ಅದೇ ಬೂದಿಯಿಂದ.

ಚಿಕ್ಕಂದಿನಲ್ಲಿ ಇದು ಬರೀ ಪದ್ಧತಿ ಅನ್ನಿಸಿತ್ತು. ಈಗ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಗರಿ ಬೀಸುವುದು ಯೇಸು ಜೆರುಸಲೇಮ್ ಪ್ರವೇಶಿಸಿದಾಗ ಜನ ಹಾಕಿದ ಜಯಕಾರದ ನೆನಪಿಗೆ. ಹೋದ ವರ್ಷ ನಾವು ಎತ್ತಿ ಹಿಡಿದ ಆ ಭಕ್ತಿಯೇ ಈ ವರ್ಷ ಸುಟ್ಟು ಹಣೆಗೆ ಬರುತ್ತದೆ. ನಿನ್ನ ತಪ್ಪುಗಳ ಲೆಕ್ಕ ಆಮೇಲೆ ನೋಡೋಣ, ನಿನ್ನ ಒಳ್ಳೆಯತನ ಎಷ್ಟು ದಿನ ಹಸಿರಾಗಿತ್ತು, ಮೊದಲು ಅದನ್ನು ಹೇಳು ಎಂದು ಕೇಳಿದ ಹಾಗೆ.

ತಪಸ್ಸುಕಾಲವನ್ನು ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ ಎಣಿಸಿದರೆ 46 ದಿನ. ಭಾನುವಾರಗಳು ಪುನರುತ್ಥಾನದ ದಿನಗಳಾದ್ದರಿಂದ ಆ ಆರನ್ನು ಬಿಟ್ಟರೆ 40. ಯೇಸು ಮರಳುಗಾಡಿನಲ್ಲಿ ಉಪವಾಸವಿದ್ದಷ್ಟು ದಿನ. ಪ್ರಾರ್ಥನೆ, ಉಪವಾಸ, ದಾನ ಈ ಕಾಲದ ಮೂರು ವ್ರತಗಳು. ತಮಾಷೆಯೆಂದರೆ, ಎಲ್ಲರಿಗೂ ಕಾಣುವಂತೆ ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ಆ ದಿನವೇ ಕ್ಯಾಥೋಲಿಕ್ ಚರ್ಚುಗಳಲ್ಲಿ ಓದುವುದು ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯ. ದಾನ ಮಾಡಿದ್ದನ್ನು ಸಾರಿಕೊಂಡು ತಿರುಗಬೇಡ, ಕದ ಮುಚ್ಚಿ ಪ್ರಾರ್ಥಿಸು, ಉಪವಾಸವಿದ್ದಾಗ ಮುಖ ತೊಳೆದುಕೊಂಡು ಹಾಯಾಗಿ ಕಾಣಿಸಿಕೋ ಎನ್ನುತ್ತಾನೆ ಯೇಸು ಅಲ್ಲಿ. ಅಂದರೆ ವ್ರತ ಶುರುವಾದ ದಿನವೇ ವ್ರತದ ಗರ್ವಕ್ಕೂ ಎಚ್ಚರಿಕೆ.

ಆ ಎಚ್ಚರಿಕೆ ನನ್ನ ಕಿವಿಗೆ ಬಿದ್ದದ್ದು ಅಜ್ಜಿಯ ಬಾಯಿಂದ. ಕಾಲೇಜು ಸೇರಿದ ವರ್ಷ ನಲವತ್ತೂ ದಿನ ಮಾಂಸ ಮುಟ್ಟುವುದಿಲ್ಲವೆಂದು ಹಟ ತೊಟ್ಟಿದ್ದೆ. ಮೂರನೇ ವಾರದ ಒಂದು ಸಂಜೆ ಜಗಲಿಯ ಮೇಲೆ ಕೂತು, ಉಪವಾಸ ಮಾಡದ ದೊಡ್ಡಪ್ಪನ ಮಗನನ್ನು, ಪೂಜೆಗೆ ತಡವಾಗಿ ಬರುವ ಪಕ್ಕದ ಮನೆಯವರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಆಡಿಕೊಳ್ಳುತ್ತಿದ್ದೆ. ಅಜ್ಜಿ ಮೊರದಿಂದ ತಲೆ ಎತ್ತದೆ, ‘ಕೋಳಿ ತಿನ್ನೋದು ಬಿಟ್ಟೆ, ಸರಿ ಮಗಾ. ಮನುಷ್ಯರನ್ನ ತಿನ್ನೋದು ಯಾವಾಗ ಬಿಡ್ತೀಯ?’ ಅಂದಳು. ಅಕ್ಕಿಯಿಂದ ಕಲ್ಲು ಆರಿಸಿ ಎಸೆದಷ್ಟೇ ಸಲೀಸಾಗಿ. ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು, ನಾಲ್ಕನೇ ಶತಮಾನದ ಸಂತ ಬೆಸಿಲ್ ಕೂಡ ಉಪವಾಸದ ಬಗ್ಗೆ ಬೋಧಿಸುತ್ತಾ ಹೆಚ್ಚುಕಡಿಮೆ ಇದನ್ನೇ ಹೇಳಿದ್ದ. ಅಜ್ಜಿ ಅವನನ್ನು ಓದಿರಲಿಲ್ಲ. ನನ್ನನ್ನು ಓದಿದ್ದಳು.

ತನ್ನನ್ನು ತಾನೇ ಓದಿಕೊಳ್ಳಲು ಒಂದು ದಾರಿ ತೋರಿಸಿದವನು ಸಂತ ಇಗ್ನೇಷಿಯಸ್ ಲೊಯೋಲ. 1521ರಲ್ಲಿ ಸ್ಪೇನಿನ ಪಾಂಪ್ಲೋನದ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಅವನ ಕಾಲು ಮುರಿಯಿತು. ಹಾಸಿಗೆ ಹಿಡಿದು ಮಲಗಿದ್ದಾಗ ಹೊತ್ತು ಹೋಗಲು ಎರಡು ಬಗೆಯ ಕನಸು ಕಾಣುತ್ತಿದ್ದ. ಒಂದು ವೀರನಾಗಿ ಮೆರೆಯುವುದು, ಇನ್ನೊಂದು ಸಂತರ ಹಾದಿ ಹಿಡಿಯುವುದು. ಎರಡೂ ಹಿತವಾಗಿಯೇ ಇದ್ದವು. ಆದರೆ ಕನಸು ಮುಗಿದ ಮೇಲೆ ಮೊದಲನೆಯದು ಮನಸ್ಸನ್ನು ಒಣಗಿಸುತ್ತಿತ್ತು, ಎರಡನೆಯದರ ತಂಪು ಉಳಿಯುತ್ತಿತ್ತು. ಈ ವ್ಯತ್ಯಾಸ ಗಮನಿಸಿದ್ದೇ ಅವನ ಬದುಕಿನ ತಿರುವು. ಮುಂದೆ ತನ್ನ ‘ಆಧ್ಯಾತ್ಮಿಕ ಸಾಧನೆಗಳು’ ಕೃತಿಯಲ್ಲಿ ಅವನು ವಿವರಿಸಿದ ಆತ್ಮಶೋಧನೆ ಶುರುವಾಗುವುದು ತಪ್ಪಿನ ಪಟ್ಟಿಯಿಂದಲ್ಲ, ದೇವರಿಗೆ ಕೃತಜ್ಞತೆ ಹೇಳುವುದರಿಂದ. ಆಮೇಲೆ ಬೆಳಕು ಬೇಡುವುದು, ದಿನದ ಗಂಟೆಗಳನ್ನು ಒಂದೊಂದಾಗಿ ತಿರುವಿ ನೋಡುವುದು, ಕ್ಷಮೆ ಕೇಳುವುದು, ನಾಳೆಗೆ ತಿದ್ದಿಕೊಳ್ಳುವ ಸಂಕಲ್ಪ ಮಾಡುವುದು. ಒಂದೇ ಒಂದು ದೋಷವನ್ನು ಆರಿಸಿಕೊಂಡು, ಅದು ತಲೆ ಹಾಕಿದಾಗಲೆಲ್ಲ ದಿನದ ಗೆರೆಯ ಮೇಲೆ ಚುಕ್ಕೆ ಇಡುವ ಅಭ್ಯಾಸವನ್ನೂ ಅವನು ಹೇಳಿಕೊಟ್ಟ. ನಿನ್ನೆಗಿಂತ ಇವತ್ತು ಒಂದು ಚುಕ್ಕೆ ಕಮ್ಮಿಯಾದರೆ ಅಷ್ಟೇ ಲಾಭ.

ತಪಸ್ಸುಕಾಲ ಬರುವುದು ನಮ್ಮಲ್ಲಿ ಮರಗಳು ಎಲೆ ಉದುರಿಸುವ ದಿನಗಳಲ್ಲಿ. ಈಸ್ಟರ್ ಹೊತ್ತಿಗೆ ಹೊಂಗೆ ಚಿಗುರಿ ನಿಂತಿರುತ್ತದೆ. ಹೊಂಗೆಗೆ ಹಳೆಯ ಎಲೆಯ ಮೇಲೆ ಮೋಹವಿಲ್ಲ. ನಮಗೆ ಮಾತ್ರ ಒಣಗಿದ ಭಕ್ತಿಯನ್ನೂ ಪಟದ ಹಿಂದೆ ಸಿಕ್ಕಿಸಿಟ್ಟುಕೊಳ್ಳುವ ಆಸೆ.

ಅಜ್ಜಿ ಹೋಗಿ ಬಹಳ ಕಾಲವಾಯಿತು. ಗರಿಯನ್ನು ಪೇಪರಿನಲ್ಲಿ ಸುತ್ತಿ ಚರ್ಚಿಗೆ ಒಯ್ಯುವ ಕೆಲಸ ಈಗ ನನ್ನದು. ರಾತ್ರಿ ದೀಪ ಆರಿಸುವ ಮೊದಲು ಇಗ್ನೇಷಿಯಸ್ ಹೇಳಿದ ಐದು ಹೆಜ್ಜೆಗಳನ್ನು ನೆನಪಿಸಿಕೊಳ್ಳಲು ನೋಡುತ್ತೇನೆ. ನಿದ್ದೆಗಣ್ಣಿನಲ್ಲಿ ಕೆಲವು ಸಲ ಎರಡನೆಯದಕ್ಕೇ ಜೋಂಪು ಹತ್ತುತ್ತದೆ. ಆಗ ಅಜ್ಜಿಯದೊಂದು ಪ್ರಶ್ನೆಯೇ ಸಾಕಾಗುತ್ತದೆ: ಇವತ್ತು ಯಾರನ್ನು ತಿಂದೆ?