ಯಾರ ಪಕ್ಕ ನಿಲ್ಲಿಸಿ ಅಳೆಯುವುದು?

ನಂಜನಗೂಡು, ತಿ. ನರಸೀಪುರದ ಕಡೆ ಹೆಂಗಸೊಬ್ಬಳು ಎದೆ ಉರಿ ಎಂದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ಗ್ಯಾಸ್ಟ್ರಿಕ್ಕು ಕಣವ್ವ, ಸೋಡಾ ಕುಡಿ.’ ಬೀಡಿ ಸೇದದೆ, ಗದ್ದೆಯಲ್ಲಿ ಬಗ್ಗಿ ದುಡಿಯುವವಳಿಗೆ ಹಾರ್ಟ್ ಅಟ್ಯಾಕ್ ಎಲ್ಲಿಂದ ಬರಬೇಕು? ಎಲೆಅಡಿಕೆ ಜೊತೆಗಿನ ಕಡ್ಡಿಪುಡಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದಿರಲಿ. ಈ ನಂಬಿಕೆ ಪೂರ್ತಿ ಸುಳ್ಳಲ್ಲ. ತೊಡಕು ಇರುವುದೇ ಅಲ್ಲಿ.

ಭಾರತವೂ ಸೇರಿ 17 ದೇಶಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆಂಗಸರು, ಗಂಡಸರನ್ನು ಗಮನಿಸಿದ ‘ಪ್ಯೂರ್’ ಅಧ್ಯಯನದ ವರದಿ 2014ರಲ್ಲಿ ಬಂತು. ಹೃದ್ರೋಗ ತರುವ ಅಂಶಗಳ ಹೊರೆ ಕೆನಡಾ, ಸ್ವೀಡನ್ನಿನಂಥ ಶ್ರೀಮಂತ ದೇಶಗಳಲ್ಲೇ ಹೆಚ್ಚು, ಬಡ ದೇಶಗಳಲ್ಲಿ ಕಡಿಮೆ. ಸಾವಿನ ಲೆಕ್ಕ ಮಾತ್ರ ತಿರುವುಮುರುವು. ಹೃದಯಾಘಾತ, ಲಕ್ವದಂಥವು ಬಡಿದಾಗ ಅಲ್ಲಿ ಶೇ. 6.5 ಮಂದಿ ಸತ್ತರೆ, ಬಡ ದೇಶಗಳಲ್ಲಿ ಶೇ. 17.3.

2020ರಲ್ಲಿ ಇದೇ ಅಧ್ಯಯನ 27 ದೇಶಗಳ ಹೆಂಗಸರನ್ನು ಗಂಡಸರೊಂದಿಗೆ ಹೋಲಿಸಿತು. ಕಾಯಿಲೆ ಬಡಿದ 30 ದಿನಗಳೊಳಗೆ ಸತ್ತವರು ಗಂಡಸರಲ್ಲಿ ಶೇ. 28, ಹೆಂಗಸರಲ್ಲಿ ಶೇ. 22. ಆದರೆ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ, ಈಗಾಗಲೇ ಹೃದ್ರೋಗ ಇರುವ ಹೆಂಗಸರಿಗೆ ಗಂಡಸರಷ್ಟು ಔಷಧೋಪಚಾರ ಸಿಗುತ್ತಿರಲಿಲ್ಲ.

ಇದನ್ನು ಓದಿದಾಗ ನನಗೆ ನಮ್ಮವರು ಮೆಚ್ಚುಗೆಯಿಂದಲೇ ಆಡುವ ಮಾತು ನೆನಪಾಯಿತು: ‘ಹೆಣ್ಣು ಜೀವ ಗಟ್ಟಿ.’ ಗಟ್ಟಿಯಿದ್ದರೆ ಕಡಿಮೆ ಮಾತ್ರೆಯಲ್ಲಿ ಸಾಗಲಿ ಎನ್ನಬಹುದೇ? ತಾಳಿಕೊಂಡವರಿಗೆ ಕಡಿಮೆ ಕೊಡುವುದು ಯಾವ ನ್ಯಾಯ? ಗಂಡನ ಪಕ್ಕ ನಿಲ್ಲಿಸಿ ಅಳೆದರೆ ಇವಳು ಪುಣ್ಯವಂತೆ. ಸ್ವೀಡನ್ನಿನ ಹೆಂಗಸಿನ ಪಕ್ಕ ನಿಲ್ಲಿಸಿದರೆ, ಬದುಕಬಹುದಾಗಿದ್ದವಳು. ನನ್ನ ಮಟ್ಟಿಗೆ ಎರಡನೆಯ ಹೋಲಿಕೆಯೇ ಸರಿ. ಮೊದಲನೆಯದು ಅವಳ ದೇಹದ ಬಲವನ್ನು ನಮ್ಮ ಖಾತೆಗೆ ಜಮಾ ಮಾಡಿಕೊಳ್ಳುತ್ತದೆ.

ಆಸ್ಪತ್ರೆ ಇಲ್ಲವೆಂದಲ್ಲ. ಮೈಸೂರಿನ ಜಯದೇವಕ್ಕೆ ಎರಡೂ ಊರುಗಳಿಂದ ಹೆಚ್ಚೆಂದರೆ ಒಂದೂವರೆ ಗಂಟೆಯ ದಾರಿ. ಹೆಂಗಸರಲ್ಲಿ ಹೃದಯಾಘಾತ ಎದೆನೋವಿನ ಜೊತೆ, ಕೆಲವೊಮ್ಮೆ ಅದಿಲ್ಲದೆಯೂ, ಸುಸ್ತು, ವಾಕರಿಕೆ, ಬೆನ್ನುನೋವು, ಉಬ್ಬಸವಾಗಿ ಬರುತ್ತದೆ. ಅಷ್ಟಕ್ಕೆ ಇಸಿಜಿ ಮಾಡಿಸಲು ಹೊರಡಬೇಕಾದರೆ ಹಸು ಕರೆಯುವವರು ಬೇಕು, ಮೊಮ್ಮಗುವನ್ನು ನೋಡಿಕೊಳ್ಳುವವರು ಬೇಕು, ಜೊತೆಗೆ ಬರುವ ಮಗನ ಒಂದು ದಿನದ ಕೂಲಿ ಹೋಗುತ್ತದೆ. ಇಷ್ಟನ್ನೂ ಮನಸ್ಸಿನಲ್ಲೇ ಕೂಡಿ ಕಳೆದು ಅವಳು ‘ನಾಳಿಕ್ ನೋಡದ ಬುಡಪ್ಪ’ ಅನ್ನುತ್ತಾಳೆ. ಅದನ್ನು ಅವಳ ತೀರ್ಮಾನ ಎಂದು ಬರೆದುಕೊಳ್ಳಲು ನನಗೆ ಮನಸ್ಸು ಒಪ್ಪುವುದಿಲ್ಲ.