ಎಣ್ಣೆಯ ಪೊರೆ

ವಾಷಿಂಗ್ಟನ್‌ನಿಂದ ಅಟ್ಲಾಂಟಾಕ್ಕೆ ಸುಮಾರು 640 ಮೈಲಿ. ಐ-95ರಲ್ಲಿ ಹೊರಟು ಪೀಟರ್ಸ್‌ಬರ್ಗ್ ಬಳಿ ಐ-85 ಹಿಡಿದರೆ ಡರ್ಹಮ್, ಶಾರ್ಲೆಟ್, ಗ್ರೀನ್‌ವಿಲ್ ದಾಟಿ ಹತ್ತು ಗಂಟೆಯ ದಾರಿ. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ನಾಲ್ಕು ಸಿಲಿಂಡರಿನ ಗಾಡಿಯಾದರೆ ನಿಮಿಷಕ್ಕೆ 4000 ಸಲ ಕಿಡಿ ಹಾರಿ ಪೆಟ್ರೋಲು ಹೊತ್ತಿಕೊಳ್ಳುತ್ತದೆ. ಹತ್ತು ಗಂಟೆಗೆ 24 ಲಕ್ಷ ಸಲ. ಹಿಂದಿನ ಸೀಟಿನಲ್ಲಿ ಮಗು ನಿದ್ದೆಹೋಗಿರುತ್ತದೆ, ಮುಂದೆ ಯಾರೋ ಪುಳಿಯೋಗರೆ ಡಬ್ಬಿ ತೆರೆಯುತ್ತಿರುತ್ತಾರೆ. ಅಷ್ಟು ಬೆಂಕಿ ಹೊತ್ತಿದ್ದು ಯಾರ ಗಮನಕ್ಕೂ ಬರುವುದಿಲ್ಲ.

ಊರಲ್ಲಿ ನಮ್ಮಂಥವರ ಮನೆಗಳಲ್ಲಿ ಬಾನೆಟ್ ತೆರೆಯುತ್ತಿದ್ದದ್ದೇ ಆಯುಧಪೂಜೆಗೆ. ಒಂದಿಷ್ಟು ಕುಂಕುಮ, ಸೇವಂತಿಗೆ ಹಾರ, ಚಕ್ರದಡಿ ನಿಂಬೆಹಣ್ಣು. ಉಳಿದದ್ದೆಲ್ಲ ಮೆಕ್ಯಾನಿಕ್ಕಿನದು. ಆಯುಧವನ್ನು ಪೂಜಿಸಿದೆವೇ ಹೊರತು ಹಿಡಿಯಲಿಲ್ಲ. ಎಂಜಿನಿಯರಿಂಗ್ ಓದಿ ಬಂದವರಲ್ಲೂ ಎಷ್ಟೋ ಜನ ಸ್ಪ್ಯಾನರ್ ಮುಟ್ಟಿದ್ದು ಅಮೆರಿಕಕ್ಕೆ ಬಂದ ಮೇಲೆ, ಅದೂ ದುಡ್ಡಿನ ಕಾರಣಕ್ಕೆ. ಇಲ್ಲಿ ಕೂಲಿ ದುಬಾರಿ. ಆಯಿಲ್ ಬದಲಿಸುವುದನ್ನು ಕಲಿತರೆ ನಾಲ್ಕು ಕಾಸು ಉಳಿದೀತು ಎಂದು ಶುರುವಾದ ಕೆಲಸ. ಬೆರಗು ಆ ಲೆಕ್ಕದಲ್ಲಿ ಇರಲೇ ಇಲ್ಲ; ಅದು ಬಂದದ್ದು ಒಳಗೆ ನಡೆಯುವುದು ತಿಳಿದ ಮೇಲೆ.

ಕ್ರ್ಯಾಂಕ್‌ಶಾಫ್ಟ್ ಎಂಬ ಉಕ್ಕಿನ ದಂಡ ಬೇರಿಂಗಿನೊಳಗೆ ಅಷ್ಟು ವೇಗದಲ್ಲಿ ತಿರುಗುವಾಗ ಲೋಹಕ್ಕೆ ಲೋಹ ತಾಗುವುದಿಲ್ಲ. ನಡುವೆ ಎಣ್ಣೆಯ ಒಂದು ಪೊರೆ. ಅದರ ದಪ್ಪ ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲು; ತಲೆಗೂದಲು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಇಷ್ಟು ತೆಳುವಾದ ಪೊರೆಯ ಮೇಲೆ ಆ ಭಾರವೆಲ್ಲ ತೇಲುತ್ತದೆ. ಪಂಪು ಎಣ್ಣೆಯನ್ನು ಅಲ್ಲಿಗೆ ತಲುಪಿಸುತ್ತದೆ, ನಿಜ. ಆದರೆ ದಂಡವನ್ನು ಎತ್ತಿ ಹಿಡಿಯುವ ಒತ್ತಡ ಹುಟ್ಟುವುದು ತಿರುಗುವುದರಿಂದಲೇ: ದಂಡ ತಾನು ತಿರುಗುತ್ತಾ ಎಣ್ಣೆಯನ್ನು ಇಕ್ಕಟ್ಟಿನೊಳಕ್ಕೆ ಎಳೆದುಕೊಳ್ಳುತ್ತದೆ, ಆ ಇಕ್ಕಟ್ಟೇ ಅದನ್ನು ಮೇಲೆತ್ತುತ್ತದೆ. ನಿಂತಾಗ ಮತ್ತೆ ಲೋಹದ ಮೇಲೆ ಕೂರುತ್ತದೆ. ಹೀಗಾಗಿ ಬೇರಿಂಗಿಗೆ ಕಷ್ಟದ ಗಳಿಗೆ ಓಟದ್ದಲ್ಲ, ಹೊರಡುವ ಕ್ಷಣದ್ದು.

ಇದು ತಿಳಿದದ್ದೂ ಒಂದು ಕಿರಿಕಿರಿಯಿಂದ. 1880ರ ದಶಕದಲ್ಲಿ ಇಂಗ್ಲೆಂಡಿನ ಬೀಚಮ್ ಟವರ್ ರೈಲಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದ. ಬೇರಿಂಗಿನ ಮೇಲ್ಭಾಗಕ್ಕೆ ಕೊರೆದ ತೂತಿನಿಂದ ಎಣ್ಣೆ ಉಕ್ಕತೊಡಗಿತು. ಬಿರಡೆ ಹಾಕಿದ, ಮರದ ಬೆಣೆ ಜಡಿದ. ಎಣ್ಣೆ ಎರಡನ್ನೂ ಹೊರಕ್ಕೆ ನೂಕಿತು. ಒತ್ತಡಮಾಪಕ ಇಟ್ಟು ನೋಡಿದಾಗ ಗುಟ್ಟು ಬಯಲಾಯಿತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಅದಕ್ಕೆ ಗಣಿತ ಬರೆದ.

ಗೊತ್ತಾದರೆ ಬೆರಗು ಹೋಗುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗೊತ್ತಿಲ್ಲದಿದ್ದಾಗ ಅಲ್ಲಿ ಬೆರಗೇ ಇರಲಿಲ್ಲ, ಬರೀ ರೂಢಿ ಇತ್ತು. ಕೀಲಿ ತಿರುಗಿಸಿದರೆ ಗಾಡಿ ಹೊರಡಬೇಕು, ಹೊರಡುತ್ತಿತ್ತು, ಅಷ್ಟೆ.

ಗಾಳಿಯ ಫಿಲ್ಟರನ್ನೇ ನೋಡಿ. ಒಂದು ಲೀಟರ್ ಪೆಟ್ರೋಲು ಉರಿಯಲು ಸುಮಾರು ಒಂಬತ್ತು ಸಾವಿರ ಲೀಟರ್ ಗಾಳಿ ಬೇಕು. ಅಷ್ಟನ್ನೂ ಸೋಸುವುದು ಮಡಚಿದ ಒಂದು ಕಾಗದ. ಗಾಡಿಯೊಳಗೆ ಕೂತ ನಮ್ಮ ಉಸಿರಿಗೂ ಅಂಥದೇ ಇನ್ನೊಂದು ಫಿಲ್ಟರ್ ಇದೆ. ಮಾರ್ಚ್ ಕೊನೆಗೆ ಅಟ್ಲಾಂಟಾದಲ್ಲಿ ಪೈನ್ ಮರಗಳು ಪರಾಗ ಚೆಲ್ಲುವಾಗ ಇಡೀ ಊರಿನ ಕಾರುಗಳಿಗೆ ಅರಿಶಿನ ಹಚ್ಚಿದಂತಾಗಿರುತ್ತದೆ. ಆಗ ಗ್ಲೋವ್ ಬಾಕ್ಸ್ ಕಳಚಿ ಅದರ ಹಿಂದಿನ ಕ್ಯಾಬಿನ್ ಫಿಲ್ಟರ್ ಎಳೆದರೆ ಮಡಿಕೆಗಳಲ್ಲೂ ಅದೇ ಹಳದಿ. ಹೆಣ್ಣು ಶಂಕುಗಳನ್ನು ಹುಡುಕಿ ಹೊರಟ ಕಣಗಳು, ನಮ್ಮ ಏಸಿಗೆ ಸಿಕ್ಕಿಬಿದ್ದವು. ಈ ಕೆಲಸಕ್ಕೆ ಹತ್ತು ನಿಮಿಷವೂ ಬೇಡ, ಸ್ಪ್ಯಾನರ್ ಕೂಡ ಬೇಡ.

(ಶಾರ್ಲೆಟ್ ಸುತ್ತಮುತ್ತ ನಾಸ್ಕಾರ್ ಕಾರು ರೇಸಿನ ತಂಡಗಳ ಕಾರ್ಯಾಗಾರಗಳಿವೆ. ಆ ಹುಡುಗರು ನಾಲ್ಕು ಚಕ್ರಗಳನ್ನು ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಬದಲಿಸುತ್ತಾರೆ. ಅದೇ ಊರಿನ ನಮ್ಮವರಿಗೆ ಒಂದು ಇಡೀ ಶನಿವಾರ ಬೇಕು, ನಡುವೆ ಎರಡು ಕಾಫಿ.)

ಡ್ರೈವ್‌ವೇಯಲ್ಲಿ ಮಲಗಿ ಕೆಲಸ ಮಾಡುವವರಿಗೆ ಒಂದು ಮಾತು: ಬರೀ ಜ್ಯಾಕ್ ನಂಬಿ ಗಾಡಿಯ ಕೆಳಗೆ ತೂರಬೇಡಿ, ಜ್ಯಾಕ್ ಸ್ಟ್ಯಾಂಡ್ ಕೊಟ್ಟೇ ತೂರಿ. ಬೆರಗಿಗೂ ಜೀವ ಬೇಕು.

ಇನ್ನು ಆಯಿಲ್ ಬದಲಿಸುವಾಗ ತಟ್ಟೆಗೆ ಇಳಿದ ಕಪ್ಪು ಎಣ್ಣೆ. ಅದು ಸತ್ತದ್ದಲ್ಲ. ಮಸಿ, ತೇವ, ಲೋಹದ ಪುಡಿ ಸೇರಿ ಕೊಳೆಯಾಗಿದೆ, ಬೆರೆಸಿದ ರಾಸಾಯನಿಕಗಳು ಸವೆದಿವೆ. ಮೂಲ ಎಣ್ಣೆಯನ್ನು ಶುದ್ಧೀಕರಿಸಿ ಮತ್ತೆ ಎಂಜಿನ್ನಿಗೇ ಹಾಕಬಹುದು. ಒಂದು ಸಲ ಬದಲಿಸಿದಾಗ ಹೊರಬರುವ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ. ಉಪನಗರಗಳ ರಸ್ತೆಬದಿಯ ಮಳೆನೀರಿನ ಚರಂಡಿ ಸಾಮಾನ್ಯವಾಗಿ ಸೋಸುವ ಘಟಕಕ್ಕೆ ಹೋಗುವುದಿಲ್ಲ, ನೇರ ಹಳ್ಳಕ್ಕೆ ಸೇರುತ್ತದೆ. ಅಲ್ಲಿಂದ ಪೊಟೋಮ್ಯಾಕ್, ಕಟಾಬ ಅಥವಾ ಚಟಹೂಚಿ ನದಿಗೆ. ಕುಡಿಯುವ ನೀರು ನಮಗೆ ಬರುವುದೂ ಅವುಗಳಿಂದಲೇ. ಹಳೆಯ ಎಣ್ಣೆಯನ್ನು ಮುಚ್ಚಳವಿರುವ ಡಬ್ಬಿಗೆ ಸುರಿದು ಬಿಡಿಭಾಗದ ಅಂಗಡಿಗೆ ಒಯ್ಯಿರಿ. ಬಹುತೇಕ ಅಂಗಡಿಗಳು ಬಿಟ್ಟಿಯಾಗಿ ತೆಗೆದುಕೊಳ್ಳುತ್ತವೆ.